ಸಂಗಣ್ಣ ಮುಚ್ಚಿದ ಸಿಕ್ಸ್

ದಿಲ್‌ಸುಖ್‌ನಗರದ ಮೆಟ್ರೋ ಕಂಬಗಳ ಹಿಂದೆ, ಕೋಚಿಂಗ್ ಸೆಂಟರುಗಳ ಬೋರ್ಡುಗಳು ಒಂದರ ಮೇಲೊಂದು ಹತ್ತಿ ಕೂತ ಗಲ್ಲಿಗಳಲ್ಲಿ, ಹೆಗಲಿಗೆ ಕೇಬಲ್ಲಿನ ಸುರುಳಿ ಹಾಕಿಕೊಂಡು ಮಹಡಿ ಹತ್ತುವ ಮನುಷ್ಯನೊಬ್ಬನನ್ನು ಎಲ್ಲರೂ ಬಲ್ಲರು. ಅವನ ಹೆಸರು ಸಂಗಣ್ಣ ಎಂಬುದು ಮಾತ್ರ ಬಹಳ ಮಂದಿಗೆ ಗೊತ್ತಿಲ್ಲ. ತೆಲುಗಿನವರು ನೆಟ್ ಅನ್ನಾ ಅನ್ನುತ್ತಾರೆ, ಹಿಂದಿಯವರು ನೆಟ್‌ವಾಲೇ ಭಯ್ಯಾ ಅನ್ನುತ್ತಾರೆ. ನೆಟ್ ನಿಂತಾಗ ಅನ್ನುವುದು ಬೇರೆ, ಅದನ್ನು ಇಲ್ಲಿ ಬರೆಯುವುದು ಬೇಡ.

ಸಂಗಣ್ಣ ಯಾದಗಿರಿ ಕಡೆಯವನು. ಮೀಸೆ ಚಿಗುರುವ ಮೊದಲೇ ಗೌಂಡಿ ಕೆಲಸದವರ ಜೊತೆ ಹೈದರಾಬಾದಿಗೆ ಬಂದು ಇಟ್ಟಿಗೆ ಹೊತ್ತ. ಎತ್ತರಕ್ಕೆ ಹೆದರದ ಆಳು ಎಂದು ಕಂಡ ಒಬ್ಬ ಟಿವಿ ಕೇಬಲ್ಲಿನ ಸೇಠ್, ಒಂದು ಮಾಳಿಗೆಯಿಂದ ಇನ್ನೊಂದು ಮಾಳಿಗೆಗೆ ತಂತಿ ಎಸೆಯಲು ಅವನನ್ನು ಕರೆದುಕೊಂಡ. ಆಮೇಲೆ ಅದೇ ಹಾದಿಯಲ್ಲಿ ಇಂಟರ್ನೆಟ್ ಬಂತು. ಸೇಠ್‌ಗೆ ವಯಸ್ಸಾಗಿ, ಈ ನಾಲ್ಕಾರು ಗಲ್ಲಿಗಳನ್ನು ನೀನೇ ನೋಡಿಕೋ ಎಂದು ಬಿಟ್ಟುಕೊಟ್ಟು ಹೋದ. ಮೇಲೆ ಬೇಗಂಪೇಟೆಯಲ್ಲಿ ಒಂದು ಕಂಪನಿ, ಕೆಳಗೆ ಸಂಗಣ್ಣ. ಅವನ ಬಾಯಲ್ಲಿ ಅದಕ್ಕೆ ‘ಏರಿಯಾ’ ಎಂದು ಹೆಸರು. ಊರಲ್ಲಿ ಕೆಲವರು ‘ನಮ್ಮ ಹೊಲ’ ಅನ್ನುವುದಿಲ್ಲವೇ, ಹಾಗೆ ಅವನು ‘ನಮ್ಮ ಏರಿಯಾ’ ಅನ್ನುತ್ತಿದ್ದ.

ಈಗ ಆ ಏರಿಯಾ ಕೈ ಬಿಟ್ಟ ಕಥೆ ಹೇಳಬೇಕು.

ಕೆಲವು ವರ್ಷಗಳ ಹಿಂದೆ ಕಂಪನಿಯವರು ಹೇಳದೆ ಕೇಳದೆ ತಮ್ಮ ತಂತಿಗಳಲ್ಲಿ ಹೊಸ ವಿಳಾಸದ ಪದ್ಧತಿಯನ್ನು ಬಿಟ್ಟರು. ಇಂಟರ್ನೆಟ್ಟಿನಲ್ಲಿ ಪ್ರತಿಯೊಂದು ಮನೆಗೂ ಒಂದು ನಂಬರಿನ ವಿಳಾಸ ಬೇಕು. ಹಳೆಯ ಪದ್ಧತಿಯ ನಂಬರುಗಳು ಎಂದೋ ಮುಗಿದುಹೋಗಿವೆ. ಆ ಹಳೆಯದಕ್ಕೆ ಫೋರ್ ಎಂದೂ ಹೊಸದಕ್ಕೆ ಸಿಕ್ಸ್ ಎಂದೂ ಕರೆಯುತ್ತಾರೆ. ನಡುವಿನ ಐದು ಎಲ್ಲಿ ಹೋಯಿತು ಎಂದು ಸಂಗಣ್ಣ ಒಮ್ಮೆ ಕೇಳಿದ್ದ, ಯಾರೂ ಉತ್ತರ ಕೊಟ್ಟಿರಲಿಲ್ಲ.

ಆ ಸಿಕ್ಸ್ ಬಂದದ್ದೇ ಬಂದದ್ದು, ಗಲ್ಲಿಯಲ್ಲಿ ರೋಗ ಬಿದ್ದಂತಾಯಿತು. ನೆಟ್ ಇದೆ, ಆದರೆ ಪೇಜು ತೆರೆಯುವುದಿಲ್ಲ. ಚಕ್ರ ತಿರುಗುತ್ತಲೇ ಇರುತ್ತದೆ. ಕಂಪನಿಗೆ ಫೋನ್ ಮಾಡಿದರೆ ಒಂದು ಹೆಣ್ಣು ದನಿ, ನಿಮ್ಮ ಕರೆ ನಮಗೆ ಬಹಳ ಮುಖ್ಯ ಎನ್ನುತ್ತದೆ. ಬೈಗುಳ ತಿನ್ನುವವನು ಮಾತ್ರ ಸಂಗಣ್ಣ.

ಆಗ ಮದ್ದು ಹೇಳಿಕೊಟ್ಟವನು ಮೋಹನ. ಅವನೂ ಯಾದಗಿರಿ ಕಡೆಯವನೇ, ಪಕ್ಕದ ಏರಿಯಾ ಅವನದು. ಇರಾನಿ ಚಹಾದ ಅಂಗಡಿಯಲ್ಲಿ ಕೂತು, ಬಿಸ್ಕೀಟು ಅದ್ದುತ್ತ ಹೇಳಿದ:

“ಲೇ, ವೈಫೈ ಡಬ್ಬಿ ಸೆಟಿಂಗಿನಾಗ ಸಿಕ್ಸ್ ಅಂತ ಒಂದ್ ಮನಿ ಐತಿ. ಅದರಾಗಿನ ರೈಟ್ ಗುರ್ತು ತೆಗಿ. ಬಂದ್. ಖಲಾಸ್.”

“ಅಷ್ಟss?”

“ಅಷ್ಟ. ಸಿಕ್ಸ್ ಬಂದ್ ಮಾಡಿದ್ರ ಹಳೇದರ ಮ್ಯಾಲ ಗಾಡಿ ಓಡ್ತೈತಿ. ಎಲ್ಲಾರೂ ಹಂಗ ಮಾಡಾಕತ್ತಾರ.”

ಸಂಗಣ್ಣ ಮಾಡಿ ನೋಡಿದ. ಮುಟ್ಟಿದ ಕೂಡಲೇ ಗುಣ. ಅಂದಿನಿಂದ ಅದು ಅವನ ಕೈಯ ಅಭ್ಯಾಸವಾಯಿತು. ಹೊಸ ಮನೆಗೆ ಹೋದರೆ ಮೊದಲು ಹಾಲು ಉಕ್ಕಿಸುವ ಹಾಗೆ, ಹೊಸ ಡಬ್ಬಿ ಕೂಡಿಸಿದರೆ ಮೊದಲು ಸಿಕ್ಸ್ ಮುಚ್ಚುವುದು. ದೂರು ಕೊಟ್ಟ ಮನೆಗಷ್ಟೇ ಅಲ್ಲ, ಕೊಡದ ಮನೆಗೂ ಹೋಗಿ, ನಾಳೆ ಕೊಡಬಾರದು ಎಂದು ಮುಚ್ಚಿ ಬಂದ. ಮೆಟ್ಟಿಲು ಹತ್ತಿ ಹತ್ತಿ ಮೊಣಕಾಲು ಸವೆಸಿಕೊಂಡ. ಅವನ ಗಲ್ಲಿಗಳಲ್ಲಿ ದೂರು ನಿಂತೇ ಹೋಯಿತು.

ಮದ್ದು ಹೇಳಿದ ಮೋಹನ ಮಾತ್ರ ತನ್ನ ಏರಿಯಾದಲ್ಲಿ ಅದನ್ನು ಮಾಡಲಿಲ್ಲ. ಮಾಡಬೇಕಾದರೆ ಮಹಡಿ ಹತ್ತಬೇಕಲ್ಲ. ಅವನು ಅಂಗಡಿಯಲ್ಲೇ ಕೂತು ಫೋನಿನಲ್ಲಿ, “ಆಫ್ ಮಾಡಿ ಆನ್ ಮಾಡ್ರಿ, ಬರ್ತೈತಿ” ಎನ್ನುತ್ತಿದ್ದ. ಬರುತ್ತಿರಲಿಲ್ಲ. ಜನ ಬೈದರು. ಬೈಸಿಕೊಂಡ. ಕೆಲವು ತಿಂಗಳಿಗೆ ಕಂಪನಿಯವರೇ ಮೇಲೆ ಎಲ್ಲೋ ಏನೋ ಸರಿಮಾಡಿದರು, ಅವನ ಮನೆಗಳ ರೋಗ ತಾನಾಗಿಯೇ ವಾಸಿಯಾಯಿತು. ಸಿಕ್ಸ್ ತೆರೆದದ್ದು ತೆರೆದ ಹಾಗೇ ಉಳಿಯಿತು.

ಸೋಮಾರಿಗೆ ದೇವರು ಕೊಡುತ್ತಾನೆ, ದುಡಿದ ಎತ್ತಿಗೆ ಬಾರುಕೋಲು. ಇದನ್ನು ಯಾವ ಶಾಲೆಯಲ್ಲೂ ಕಲಿಸುವುದಿಲ್ಲ, ಕಲಿಸುವ ಅಗತ್ಯವೂ ಇಲ್ಲ.

ಈ ಸಲದ ಶ್ರಾವಣ ಮುಗಿಯುವ ಹೊತ್ತಿಗೆ ಬೇಗಂಪೇಟೆಯ ಆಫೀಸಿನಲ್ಲಿ ಮೀಟಿಂಗ್ ಕರೆದರು. ಎಲ್ಲ ಏರಿಯಾದವರೂ ಹೋದರು. ಎಸಿ ಕೋಣೆ, ಎದುರಿಗೆ ಪರದೆ, ಪರದೆಯ ಮೇಲೆ ಪಟ್ಟಣದ ನಕ್ಷೆ. ನಿಂತು ಹೇಳುತ್ತಿದ್ದವಳು ವರ್ಷಾ, ಕಂಪನಿಯ ಹೊಸ ಎಂಜಿನಿಯರು. ಅವಳ ಅಪ್ಪ ಧಾರವಾಡದವರು, ಇಲ್ಲಿಯ ಸರಕಾರಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದ ಹುಡುಗಿ. ತೆಲುಗಿನಲ್ಲಿ ಎಲ್ಲರಿಗೂ ಹೇಳಿ ಮುಗಿಸಿ, ಸಂಗಣ್ಣನ ಕಡೆ ತಿರುಗಿದಾಗ ಮಾತ್ರ ಕನ್ನಡ ಬಂತು.

ನಕ್ಷೆಯಲ್ಲಿ ಸಿಕ್ಸ್ ಬಂದ ಕಡೆ ಹಸಿರು. ಮೋಹನನ ಏರಿಯಾ ಹುಲ್ಲುಗಾವಲಿನ ಹಾಗಿತ್ತು. ಸಂಗಣ್ಣನದು ಸುಟ್ಟ ರೊಟ್ಟಿಯ ಹಾಗೆ ಕಪ್ಪಗೆ ಕೂತಿತ್ತು.

“ಸಂಗಣ್ಣಾರ, ನಿಮ್ಮ ಲೈನಿಗೆ ಏನರ ಆಗೈತೇನ್ರಿ?”

“ಲೈನಿಗೆ ಏನಾಗೈತ್ರಿ ಮೇಡಮ್ಮಾರ, ಚೊಲೋ ಐತಿ. ಕಂಪ್ಲೇಂಟೇ ಬರಂಗಿಲ್ಲ.”

“ಅದ ನಂಗ ತಿಳಿವಲ್ದು. ಕಂಪ್ಲೇಂಟೂ ನಿಮ್ದ ಕಡಿಮಿ, ಸಿಕ್ಸೂ ನಿಮ್ದ ಕಡಿಮಿ.”

“ಸಿಕ್ಸ್ ನಾನ ಬಂದ್ ಮಾಡೀನ್ರಿ.”

“ಎಷ್ಟ್ ಮನ್ಯಾಗ?”

“ಎಲ್ಲಾ ಮನ್ಯಾಗ್ರಿ.”

ಅದನ್ನು ಅವನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ. ಒಂದು ಮನೆಯನ್ನೂ ಬಿಟ್ಟಿಲ್ಲ ಎಂಬ ಹೆಮ್ಮೆ. ಕೋಣೆ ಪೂರಾ ನಕ್ಕಿತು. ಎಲ್ಲರಿಗಿಂತ ಜೋರಾಗಿ ಮೋಹನ ನಕ್ಕ.

ಮೀಟಿಂಗ್ ಮುಗಿದ ಮೇಲೆ ವರ್ಷಾ ಅವನನ್ನು ನಿಲ್ಲಿಸಿಕೊಂಡು ತಿಳಿಯ ಹೇಳಿದಳು. ಹಳೆಯ ನಂಬರು ಸಾಲದೆ ಇಡೀ ಗಲ್ಲಿಗೇ ಒಂದು ನಂಬರು ಹಂಚಿದ್ದಾರೆ. ಹೊರಗಿನಿಂದ ನೋಡಿದವರಿಗೆ ಗಲ್ಲಿಯ ಅಷ್ಟು ಮನೆಯೂ ಒಂದೇ ಮನೆ. ಅದಕ್ಕೇ ಕೆಲವು ಸೈಟುಗಳು ಇದು ಮನುಷ್ಯನೋ ಯಂತ್ರವೋ ಎಂದು ಸಂಶಯಪಡುತ್ತವೆ. ಸಿಕ್ಸ್ ಬಂದರೆ ಮನೆ ಮನೆಗೂ ತನ್ನದೇ ವಿಳಾಸ. ಫೋನಿನ ಸಿಮ್ಮಿನ ಕಂಪನಿಗಳು ಎಂದೋ ಆ ಕಡೆ ಹೋಗಿಬಿಟ್ಟಿವೆ, ಮನೆಗೆ ತಂತಿ ಎಳೆದ ಸಣ್ಣವರೇ ಹಿಂದೆ ಬಿದ್ದಿದ್ದಾರೆ.

ಸಂಗಣ್ಣನಿಗೆ ತಟ್ಟನೆ ತಿಳಿಯಿತು. ಇಟ್ಟಿಗೆ ಹೊರುವ ಕಾಲದಲ್ಲಿ ತಗಡಿನ ಶೆಡ್ಡಿನಲ್ಲಿದ್ದ ಅಷ್ಟೂ ಕೂಲಿಗಳಿಗೆ ಗುತ್ತೇದಾರನ ಕೇರಾಫ್ ವಿಳಾಸವೊಂದೇ. ಊರಿನಿಂದ ಬಂದ ಕಾಗದ ಯಾರದೆಂದು ಗುತ್ತೇದಾರ ಕೂಗಬೇಕು, ಒಬ್ಬ ಕುಡಿದು ಗಲಾಟೆ ಮಾಡಿದರೆ ಅಷ್ಟೂ ಮಂದಿಗೆ ಒದೆ.

“ಇದನ್ನ ಮೊದಲ ಹೇಳಬೇಕಿತ್ತಲ್ರಿ ಯಾರರ,” ಅಂದ.

“ಹೇಳಬೇಕಿತ್ತು,” ಅಂದಳು. ಆಮೇಲೆ ತಲೆ ಬಗ್ಗಿಸಿ ಮಿಕ್ಕದ್ದನ್ನು ಹೇಳಿದಳು. ಮೇಲಿನವರು ಸಣ್ಣ ಏರಿಯಾಗಳನ್ನು ಕೂಡಿಸುತ್ತಿದ್ದಾರೆ. ದಸರೆಯ ಹೊತ್ತಿನ ಬತುಕಮ್ಮ ಹಬ್ಬಕ್ಕೆ ಮುಂಚೆ ಒಂದು ದಿನ ಅಳೆಯುತ್ತಾರೆ. ಅಂದು ಬೆಳಗಿನಿಂದ ಸಂಜೆಯವರೆಗೆ ಸಿಕ್ಸ್ ಮೇಲೆ ನಿಂತ ಮನೆಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಅರ್ಧ ಏರಿಯಾ ಬಂದಿರಬೇಕು. ಬರದಿದ್ದರೆ ಅದು ಬಾಜೂ ಏರಿಯಾಕ್ಕೆ ಸೇರುತ್ತದೆ. ಬಾಜೂ ಅಂದರೆ ಮೋಹನ.

“ನೀವ ಅಲ್ಲಿಂದ ಕೂತು ತೆರಿಯಾಕ ಬರಂಗಿಲ್ಲೇನ್ರಿ?”

“ಡಬ್ಬಿ ನೀವ್ ಮಾರ್ಕೆಟ್ಟಿಂದ ತಂದು ಕೂಡಿಸಿದ್ವು, ನಮ್ಮ ಕೈ ಅದರೊಳಗ ಹೋಗಂಗಿಲ್ರಿ. ಮನಿಗೇ ಹೋಗಬೇಕು.”

ಸಂಗಣ್ಣ ಮನೆಗೆ ಬಂದು ಹೆಂಡತಿ ಗದಿಗೆಮ್ಮನಿಗೆ ಹೇಳಿದ. ಅವಳು ಜೋಳದ ಹಿಟ್ಟು ನಾದುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

“ಮುಚ್ಚಿದಾವ್ರು ನೀವ, ತೆರಿಯಾವ್ರೂ ನೀವ. ಅದಕ್ಯಾಕ ಮಾರಿ ಹಂಗ ಮಾಡ್ತೀರಿ? ಹೋಗ್ರಿ, ಮೊಣಕಾಲಿಗೆ ಎಣ್ಣಿ ನಾ ತಿಕ್ತೀನಿ.”

ಮುಚ್ಚುವುದು ಸುಲಭವಿತ್ತು. ರೋಗವಿದ್ದವನು ಮದ್ದಿಗೆ ಬಾಗಿಲು ತೆರೆಯುತ್ತಾನೆ. ಗಟ್ಟಿಮುಟ್ಟಾಗಿರುವವನ ಮನೆಗೆ ಹೋಗಿ ನಿನಗೆ ಮದ್ದು ಕೊಡುತ್ತೇನೆ ಬಾ ಎಂದರೆ ಬೆನ್ನಟ್ಟಿ ಬರುತ್ತಾನೆ. ಒಬ್ಬ ತೆಲುಗು ಮೇಷ್ಟ್ರು ಬಾಗಿಲಲ್ಲೇ ತಡೆದರು. “ನುವ್ವೇ ಚೆಪ್ಪಾವು ಕದಯ್ಯಾ, ಸಿಕ್ಸ್ ಮಂಚಿದಿ ಕಾದನಿ” ಎಂದರು. ಅದು ಒಳ್ಳೆಯದಲ್ಲ ಎಂದು ಹೇಳಿದವನು ನೀನೇ ಅಲ್ಲವೇ ಎಂದು ಕೇಳಿದ್ದು. ಹೌದು, ಅವನೇ ಹೇಳಿದ್ದ. ಇನ್ನೊಂದು ಮನೆಯಲ್ಲಿ ಡಬ್ಬಿಯನ್ನು ದೇವರ ಗೂಡಿನ ಮೇಲೆ ಇಟ್ಟು, ಹೋದ ವರ್ಷದ ಆಯುಧಪೂಜೆಗೆ ಹಚ್ಚಿದ ಕುಂಕುಮ ಹಾಗೇ ಇತ್ತು. ಸ್ನಾನವಾಗದೆ ಮುಟ್ಟಬೇಡ ಎಂದು ಆಕೆ ಅಂದಳು, ಮಧ್ಯಾಹ್ನ ಬಾ ಅಂದಳು, ಮಧ್ಯಾಹ್ನ ಹೋದರೆ ಬೀಗ. ಕೆಲವರ ಡಬ್ಬಿ ಎಷ್ಟು ಹಳೆಯದೆಂದರೆ ಅದರಲ್ಲಿ ಸಿಕ್ಸ್ ಎಂಬುದೇ ಇಲ್ಲ. ಹೊಸದು ತರಿಸಿರಿ ಎಂದರೆ, ನೆಟ್ ಬರುತ್ತಿದೆಯಲ್ಲ, ನಿನ್ನ ಕಮಿಷನ್ನಿಗೆ ನಮ್ಮ ತಲೆ ಬೋಳಿಸುತ್ತೀಯಾ ಎಂದರು.

ಸಂಗಣ್ಣ ಕೋಪಿಷ್ಠನಲ್ಲ. ಅವನ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ಆ ಡಬ್ಬಿಗಳನ್ನು ಮಾಳಿಗೆಯಿಂದ ಬಿಸಾಡುತ್ತಿದ್ದರು. ಅವನು ಚಪ್ಪಲಿ ಬಿಟ್ಟು, ಹಾಕಿಕೊಂಡು, ಮತ್ತೆ ಬಿಟ್ಟು ಮನೆ ಮನೆ ತಿರುಗಿದ. ಸಂಜೆ ಬಂದು ಗೋಡೆಗೆ ಒರಗಿದರೆ ಗದಿಗೆಮ್ಮ ಕೊಟ್ಟ ತಾಟು ಮುಂದೆಯೇ ಆರುತ್ತಿತ್ತು, ಅವನು ಕೂತಲ್ಲೇ ತೂಕಡಿಸುತ್ತಿದ್ದ.

ಅವನನ್ನು ನಗುನಗುತ್ತ ಒಳಗೆ ಕರೆದವಳು ಗುರುಬಾಯಿ ಒಬ್ಬಳೇ. ಅವಳದು ಲೇಡೀಸ್ ಹಾಸ್ಟೆಲ್. ಕಲಬುರಗಿಯಿಂದ ಬಂದ ವಿಧವೆ, ಕೋಚಿಂಗಿಗೆ ಬರುವ ನಮ್ಮ ಕಡೆಯ ಹುಡುಗಿಯರಿಗೆ ರೊಟ್ಟಿ ಬಡಿದು ಹಾಕಿ ಹೆಸರು ಮಾಡಿದವಳು. ಎತ್ತರದ ಕಟ್ಟಡ, ಅಂತಸ್ತಿಗೆ ಹಲವು ಕೋಣೆ, ಕೋಣೆ ಕೋಣೆಗೂ ಬೇರೆ ಕನೆಕ್ಷನ್ನು. ಇಡೀ ಏರಿಯಾದಲ್ಲಿ ಅದಕ್ಕಿಂತ ದೊಡ್ಡ ಗಿರಾಕಿ ಇಲ್ಲ.

“ಬಾ ತಮ್ಮಾ ಬಾ. ಏನರ ಮಾಡು ಆ ನೆಟ್ಟಿಗೆ. ಹುಡುಗ್ಯಾರು ಸೈಟ್ ತೆರದ್ರ ಸಾಕು, ನೀ ಮನಷ್ಯಾಳ ಹೌದಿಲ್ಲೋ ಅಂತ ಕೇಳತೈತಂತ. ಬಸ್ ಇದ್ದ ಚಿತ್ರ ಮುಟ್ಟು, ಸಿಗ್ನಲ್ ಇದ್ದ ಚಿತ್ರ ಮುಟ್ಟು. ಓದೂದು ಬಿಟ್ಟು ಬಸ್ ಹುಡಕಾಕತ್ತಾರ.”

“ಗಲ್ಲಿಗೆಲ್ಲಾ ಒಂದ ವಿಳಾಸ ಐತ್ರಿ ಅಕ್ಕಾರ, ಅದಕ್ಕ ಹಂಗ. ಈಗ ಖೋಲಿ ಖೋಲಿಗೂ ಬ್ಯಾರೆ ಮಾಡ್ತೀನಿ.”

ಮಾಡಿದ. ಬಸ್ಸಿನ ಚಿತ್ರಗಳು ನಿಂತವು. ಹಾಸ್ಟೆಲ್ಲು ಬಂದದ್ದೇ ಏರಿಯಾ ಅರ್ಧ ದಾಟಿತು. ವರ್ಷಾ ಫೋನ್ ಮಾಡಿ, “ದಾಟೀರಿ ಸಂಗಣ್ಣಾರ, ಭಾಳ ದಾಟಿಲ್ಲ, ಆದ್ರ ದಾಟೀರಿ” ಅಂದಳು. ಅಂದು ಅವನು ಹಗಲಿನಲ್ಲೇ ಚಾಪೆ ಹಾಸಿ ಮಲಗಿದ. ಗದಿಗೆಮ್ಮ ಅವನ ಫೋನು ತೆಗೆದು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಳು.

ಅಳತೆಯ ದಿನ ಬಂತು. ಮಧ್ಯಾಹ್ನದ ಊಟದ ಹೊತ್ತಿಗೆ ಗುರುಬಾಯಿಯ ಫೋನು.

“ಸಂಗಣ್ಣ, ಹೆಂಗಿದ್ದೀಯೋ ಹಂಗ ಬಾ.”

ಹೋದ. ಹುಡುಗಿಯರು ಮೆಟ್ಟಿಲ ಮೇಲೆಲ್ಲ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದರು. ಒಂದು ನೌಕರಿಯ ಅರ್ಜಿಗೆ ಅಂದೇ ಕಡೆಯ ದಿನ. ಸಂಜೆ ಆಫೀಸು ಮುಚ್ಚುವ ಹೊತ್ತಿಗೆ ಸೈಟೂ ಮುಚ್ಚುತ್ತದೆ. ರಾಯಚೂರು ಕಡೆಯ ಲಹರಿ ಎಂಬ ಹುಡುಗಿ ತೋರಿಸಿದಳು.

“ನೋಡ್ರಿ ಅಂಕಲ್, ಹೆಸರು, ವಿಳಾಸ ಎಲ್ಲಾ ಹೋಗ್ತೈತಿ. ಸರ್ಟಿಫಿಕೇಟ್ ಹಾಕಿದ್ರ ಸಾಕು, ತಿರಗಾಕತ್ತತೈತಿ. ಮುಂಜಾನಿಂದ ಹಿಂಗ.”

ಸಂಗಣ್ಣನಿಗೆ ಆ ಚಕ್ರದ ಗುರುತು ಹತ್ತಿತು. ಅದೇ ಹಳೆಯ ರೋಗ.

“ಫೋನಿನ ನೆಟ್ ಹಚ್ಚಿ ನೋಡಲಿಲ್ಲೇನ್ರಿ?”

“ಮಾಳಿಗಿ ಮ್ಯಾಲ ಹೋಗಿ ನೋಡಿದ್ವಿ. ಸಿಗ್ನಲ್ ಒಂದ್ ಕಡ್ಡಿ ಬರ್ತೈತಿ, ಹೋಗ್ತೈತಿ. ಇಬ್ಬರದು ಹೋತು, ಉಳಿದವರದು ಇಲ್ಲ.”

ಅವನಿಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯದೆ ಹುಡುಗಿಯ ಮೇಲೆ ಹರಿಯಿತು. “ಕಡೀ ದಿನದ ತನಕ ಏನ್ ಮಾಡಾಕತ್ತಿದ್ದಿರಿ?”

“ತಹಶೀಲದಾರ ಸಹಿ ನಿನ್ನಿ ಆತ್ರಿ,” ಅಂದಳು ಲಹರಿ.

ಅವನು ಮೆಟ್ಟಿಲ ಮೇಲೆ ಕೂತು ವರ್ಷಾಗೆ ಫೋನ್ ಮಾಡಿದ. ಅವಳು ಅಲ್ಲಿಂದಲೇ ನೋಡಿ ಹೇಳಿದಳು: ಸಣ್ಣದೆಲ್ಲ ಹೋಗುತ್ತದೆ, ದೊಡ್ಡದು ಹೋಗುವ ಹಾದಿಯಲ್ಲಿ ನಡುವೆ ಒಂದು ಗಂಟು ಬಿದ್ದಿದೆ. ಬಿಚ್ಚುವ ಕೈ ಅವಳದಲ್ಲ, ಮೇಲಿನವರಿಗೆ ಬರೆದಿದ್ದಾಳೆ.

“ಸಂಜಿ ಒಳಗ ಆಗತೈತೇನ್ರಿ?”

“ಇಲ್ಲ.”

“ಸಿಕ್ಸ್ ಬಂದ್ ಮಾಡಿದ್ರ?”

“ಮಾಡಿದ್ರ ಅರ್ಜಿ ಹೋಗ್ತಾವ್ರಿ. ಆದ್ರ ಇವತ್ತ ನಡುವ ಬಿದ್ದ ಕನೆಕ್ಷನ್ ಅಳತ್ಯಾಗ ಹಿಡಿಯಂಗಿಲ್ಲ. ಹಾಸ್ಟೆಲ್ ಹೋದ್ರ ನೀವ್ ಅರ್ಧಕ್ಕ ನಿಲ್ಲಂಗಿಲ್ಲ.”

“ನೀವು ಮ್ಯಾಲಿನವರಿಗೆ ಹೇಳಾಕ ಬರಂಗಿಲ್ಲೇನ್ರಿ, ಹಿಂಗಿಂಗ ಆಗೈತಿ ಅಂತ?”

“ಹೇಳ್ತೀನ್ರಿ. ಕೇಳ್ತಾರ ಅಂತ ಹೇಳಂಗಿಲ್ಲ.”

ಗುರುಬಾಯಿ ಕೈಗೆ ಹತ್ತಿದ ಹಿಟ್ಟು ಒರೆಸಿಕೊಳ್ಳುತ್ತ ಎದುರಿಗೆ ಬಂದು ನಿಂತಳು. ಅವಳಿಗೆ ಅಳತೆಯ ಸಂಗತಿ ಗೊತ್ತಿತ್ತು, ಸಿಕ್ಸ್ ತೆರೆಯುವ ದಿನ ಅವನೇ ಹೇಳಿದ್ದ. ಮಾಡು ಅನ್ನಲಿಲ್ಲ, ಬೇಡ ಅನ್ನಲಿಲ್ಲ.

ಅವನು ತ್ಯಾಗ ಮಾಡಿದ ಎಂದು ನಾನು ಬರೆಯುವುದಿಲ್ಲ. ಅರ್ಜಿ ಹೋಗದಿದ್ದರೆ ಹುಡುಗಿಯರು ಹಾಸ್ಟೆಲ್ ಬಿಡುತ್ತಾರೆ, ಗುರುಬಾಯಿ ಲೈನು ಬಿಡುತ್ತಾಳೆ ಎಂಬ ಹೆದರಿಕೆಯೂ ಅವನಲ್ಲಿತ್ತು. ನೆಟ್ ನಿಂತಿದೆ ಎಂದು ಕಂಡ ಮೇಲೆ ಹಾಗೇ ಬಿಟ್ಟುಬರುವ ಕೈ ಅವನದಲ್ಲ, ಅದೂ ಇತ್ತು. ಇದರಲ್ಲಿ ಯಾವುದು ಹೆಚ್ಚು ಎಂದು ಅವನನ್ನು ಕೇಳಿದರೆ ಅವನಿಗೂ ಗೊತ್ತಿಲ್ಲ. ಎದ್ದ, ಕೆಳಗಿನ ಅಂತಸ್ತಿನಿಂದ ಮೊದಲು ಮಾಡಿ ಒಂದೊಂದೇ ಕೋಣೆಯ ಸಿಕ್ಸ್ ಮುಚ್ಚುತ್ತ ಮೇಲೆ ಹೋದ. ಹಿಂದೆ ಹಿಂದೆಯೇ ಹುಡುಗಿಯರ ದನಿ ಕೇಳಿಸುತ್ತಿತ್ತು: ಹೋತು, ನಂದೂ ಹೋತು, ಏ ನಿಂದು ನೋಡಲೇ. ಲಹರಿಯದು ಬಸ್ಸಿನ ಚಿತ್ರ ನಾಲ್ಕು ಸಲ ಕೇಳಿ ಆಮೇಲೆ ಹೋಯಿತು.

ಏರಿಯಾ ಮೋಹನನಿಗೆ ಸೇರಿತು. ವರ್ಷಾ ಹೇಳಿ ನೋಡಿದ್ದಳಂತೆ. ಮೇಲಿನವರು ನಕ್ಷೆ ನೋಡಿದರು, ಕಪ್ಪು ಕಂಡಿತು, ಮುಗಿಯಿತು. ಯಾಕೆ ಕಪ್ಪು ಎಂದು ನಕ್ಷೆಯಲ್ಲಿ ಬರೆದಿರುವುದಿಲ್ಲ. ಅಂಥ ನಕ್ಷೆಗೆ ಬೆಂಕಿ ಬಿದ್ದರೂ ಒಳ್ಳೆಯದೇ, ಆದರೆ ಬೀಳುವುದಿಲ್ಲ.

ಮೋಹನ ಮನೆಗೇ ಬಂದ. ಕೆಟ್ಟವನೇನಲ್ಲ, ಕೈಯಲ್ಲಿ ಬೇಗಂ ಬಜಾರಿನ ಮಿಠಾಯಿಯ ಡಬ್ಬಿ ಇತ್ತು.

“ದೋಸ್ತ, ಮನಸಿಗೆ ಹಚ್ಕೋಬ್ಯಾಡ. ಹೆಸರಿಗೆ ನಂದು. ನೀ ಲೈನ್ ನೋಡ್ಕೋ, ನಾ ಆಫೀಸಿನ ಕಡೆ ನೋಡ್ಕೋತೀನಿ. ತಿಂಗಳಾ ಪಗಾರ ಕೊಡ್ತೀನಿ. ನನ್ನ ಗಲ್ಲಿನೂ ನೀನ ನೋಡು.”

ಗದಿಗೆಮ್ಮ ಮಿಠಾಯಿಯ ಡಬ್ಬಿಯನ್ನು ಮೋಹನನ ಕಡೆಗೇ ಸರಿಸಿದಳು.

“ಮೋಹನಣ್ಣ, ಸಿಕ್ಸ್ ಬಂದ್ ಮಾಡಂತ ಹೇಳಿದಾವ ನೀನ ಅಲ್ಲೇನು?”

“ಹೇಳಿದ್ದೆ ತಂಗಿ. ಎಲ್ಲಾ ಮನ್ಯಾಗ ಮಾಡು ಅಂದಿದ್ನೇನು? ಇಷ್ಟ್ ದುಡೀತಾನಂತ ನಂಗೇನ್ ಗೊತ್ತು?”

“ನಿಂಗ ಹ್ಯಾಂಗ ಗೊತ್ತಾಗಬೇಕು. ದುಡದಿದ್ರ ಗೊತ್ತಾಗತಿತ್ತು.”

ಮೋಹನ ನಕ್ಕ. ಬೈಸಿಕೊಳ್ಳುವುದು ಅವನಿಗೆ ಹಳೆಯ ಅಭ್ಯಾಸ. ಸಂಗಣ್ಣ ಮೊಣಕಾಲು ನೀವಿಕೊಳ್ಳುತ್ತ ಆಯಿತು ಅಂದ. ಇಲ್ಲ ಅಂದು ಎಲ್ಲಿಗೆ ಹೋಗಬೇಕು? ಇಟ್ಟಿಗೆ ಹೊರುವ ವಯಸ್ಸಲ್ಲ.

ದಸರಾ ಕಳೆಯಿತು. ಮೇಲಿನ ಗಂಟು ಬಿಚ್ಚಿತು, ಇನ್ನು ದೊಡ್ಡ ಕಾಗದವೂ ಹೋಗುತ್ತದೆ ಎಂದು ವರ್ಷಾ ತಾನೇ ಫೋನ್ ಮಾಡಿ ಹೇಳಿದಳು. ಮೋಹನ ಅಂಗಡಿಯಿಂದ ಫೋನ್ ಮಾಡಿ, ಹಾಸ್ಟೆಲ್ಲಿನ ಸಿಕ್ಸ್ ತೆರೆದು ಬಾ ಅಂದ. ಗುರುಬಾಯಿ ಬಾಗಿಲಿಗೆ ಅಡ್ಡ ನಿಂತಳು.

“ಯಾರ ಸಲುವಾಗಿ ಬಂದಿ? ಮೋಹನ ಕಳಿಸಿದನೇನು?”

“ಹೌದ್ರಿ ಅಕ್ಕಾರ.”

“ಹಂಗಾರ ಅಂವಗ ತಾನ ಬಂದು ತೆರಿ ಅಂತ ಹೇಳು. ನಾ ಬಿಡಂಗಿಲ್ಲ.”

“ಅಂವ ಮೆಟ್ಟಲಾ ಹತ್ತಂಗಿಲ್ರಿ. ನಿಮ್ಮ ಹುಡುಗ್ಯಾರಿಗೆ ತ್ರಾಸ. ಬಿಡ್ರಿ.”

ಗುರುಬಾಯಿ ಸರಿದು ನಿಂತಳು. “ಆ ನೌಕರಿ ಪರೀಕ್ಷಾ ಮುಂದ ಹಾಕ್ಯಾರಂತ,” ಅಂದಳು. “ಯಾವಾಗಂತ ಗೊತ್ತಿಲ್ಲ. ಲಹರಿ ಊರಿಗೆ ಹೋಗ್ಯಾಳ.”

ಅವನು ಹೂಂ ಅಂದು ಮೇಲೆ ಹತ್ತಿದ. ಕೋಣೆ ಕೋಣೆಗೆ ಹೋಗಿ ತೆರೆದ. ಕಡೆಯ ಅಂತಸ್ತು ಮುಗಿಸುವಷ್ಟರಲ್ಲಿ ಫೋನು ಬಂತು. ಮೋಹನನ ಗಲ್ಲಿಯ ಗಿರಾಕಿ, ಅವನು ನೋಡಿರದ ಮನೆ.

“ಅನ್ನಾ, ನೆಟ್ ರಾವಟ್ಲೇದು.”

ನೆಟ್ ಬರುತ್ತಿಲ್ಲವಂತೆ. ಎಷ್ಟನೆಯ ಅಂತಸ್ತು ಎಂದು ಸಂಗಣ್ಣ ಕೇಳಿದ. ಅವರು ಹೇಳಿದರು. ಲಿಫ್ಟ್ ಇದೆಯೇ ಎಂದು ಕೇಳಿದ. ಇದೆ, ಕೆಟ್ಟಿದೆ ಅಂದರು. ಬರುತ್ತೇನೆ ಎಂದು ಫೋನು ಜೇಬಿಗೆ ಹಾಕಿ, ಸುರುಳಿಯನ್ನು ಪಕ್ಕಕ್ಕಿಟ್ಟು, ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತ. ಕೆಳಗೆ ಯಾರೋ ರೊಟ್ಟಿ ಬಡಿಯುತ್ತಿದ್ದರು.